ಲಾಗ್‌ಫೋರ್‌ಶೆಲ್: ತೇಪೆ ಸಣ್ಣದು, ಹುಡುಕಾಟ ದೊಡ್ಡದು

ಲಾಗ್‌ಫೋರ್‌ಜೆ ಎಂಬುದು ಜಾವಾ ತಂತ್ರಾಂಶಗಳ ದಿನಚರಿ ಬರೆಯುವ ಲೈಬ್ರರಿ. ಯಾರು ಲಾಗಿನ್ ಆದರು, ಯಾವ ಕೋರಿಕೆ ಬಂತು, ಕೋಡ್ ಎಲ್ಲಿ ಮುಗ್ಗರಿಸಿತು ಎಂಬುದನ್ನೆಲ್ಲ ಅದು ಸಾಲುಸಾಲಾಗಿ ಫೈಲಿಗೆ ಇಳಿಸುತ್ತದೆ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ಆಶ್ರಯದಲ್ಲಿ ಕೆಲವೇ ಸ್ವಯಂಸೇವಕರು ನೋಡಿಕೊಳ್ಳುವ ಈ ಲೈಬ್ರರಿ ಎಲ್ಲರಿಗೂ ಉಚಿತ. ಹಾಗಾಗಿ ಅದು ಸೇರಿಕೊಳ್ಳದ ಮೂಲೆಯೇ ಇಲ್ಲ. 2021ರ ಡಿಸೆಂಬರಿನಲ್ಲಿ ಇದರ ಎರಡನೇ ಪೀಳಿಗೆಯಲ್ಲಿ ಬಯಲಾದ ದೋಷಕ್ಕೆ ಲಾಗ್‌ಫೋರ್‌ಶೆಲ್ ಎಂಬ ಹೆಸರು ಬಿತ್ತು. ದೋಷಗಳ ತೀವ್ರತೆ ಅಳೆಯುವ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು 10ಕ್ಕೆ 10.

ದೋಷದ ಬೇರು ಒಂದು ಸೌಲಭ್ಯದಲ್ಲಿತ್ತು. ಡಾಲರ್ ಚಿಹ್ನೆ ಮತ್ತು ಪುಷ್ಪಾವರಣದ ನಡುವೆ ಒಂದು ಹೆಸರು ಬರೆದರೆ ಲಾಗ್‌ಫೋರ್‌ಜೆ ಅದರ ಜಾಗದಲ್ಲಿ ನಿಜವಾದ ಮಾಹಿತಿಯನ್ನು ತುಂಬುತ್ತಿತ್ತು. ಇದಕ್ಕೆ ಲುಕಪ್ ಎನ್ನುತ್ತಾರೆ. 2013ರಲ್ಲಿ ಈ ಲುಕಪ್‌ಗಳ ಸಾಲಿಗೆ ಜೆಎನ್‌ಡಿಐ ಕೂಡ ಸೇರಿತು. ಮಾಹಿತಿಗಾಗಿ ಬೇರೆ ಸರ್ವರ್‌ಗಳನ್ನು ಕೇಳಲು ಜಾವಾದಲ್ಲಿರುವ ವ್ಯವಸ್ಥೆ ಅದು. ಸಂರಚನಾ ಫೈಲಿನಲ್ಲಿ ಮಾತ್ರ ಲುಕಪ್ ನಡೆದಿದ್ದರೆ ಅಷ್ಟೇನೂ ಅಪಾಯವಿರಲಿಲ್ಲ. ಆದರೆ ಹೊರಗಿನವರು ಕಳಿಸಿದ ಸಂದೇಶದ ಒಳಗೂ ಲಾಗ್‌ಫೋರ್‌ಜೆ ಅದನ್ನು ಹುಡುಕುತ್ತಿತ್ತು. ಬಂದ ಅರ್ಜಿಯನ್ನು ಕಡತಕ್ಕೆ ಏರಿಸಬೇಕಾದ ಶ್ಯಾನುಭೋಗ ಅದನ್ನೇ ಆಜ್ಞೆಯೆಂದು ಪಾಲಿಸಿದ ಹಾಗೆ. ದಾಳಿಕೋರ ತನ್ನ ಸರ್ವರ್‌ನ ವಿಳಾಸವನ್ನು ಆ ಪುಷ್ಪಾವರಣದೊಳಗೆ ಬರೆದು ಕಳಿಸಿದರೆ ಸಾಕು, ಲಾಗ್ ಬರೆಯುವ ಯಂತ್ರ ತಾನಾಗಿಯೇ ಅಲ್ಲಿಗೆ ಹೋಗಿ, ಕೊಟ್ಟ ಕೋಡನ್ನು ತಂದು, ಓಡಿಸಿಬಿಡುತ್ತಿತ್ತು. ಜೆಎನ್‌ಡಿಐಯನ್ನು ಹೀಗೆ ಬಳಸಿಕೊಳ್ಳಬಹುದೆಂದು 2016ರ ಬ್ಲ್ಯಾಕ್ ಹ್ಯಾಟ್ ಎಂಬ ಭದ್ರತಾ ಸಮ್ಮೇಳನದಲ್ಲೇ ಸಂಶೋಧಕರು ತೋರಿಸಿದ್ದರು. ಆ ಎಚ್ಚರಿಕೆಯನ್ನು ಲಾಗ್ ಬರೆಯುವ ಲೈಬ್ರರಿಗೂ ತಾಳೆ ಹಾಕಿ ನೋಡುವುದು ಯಾರಿಗೂ ಹೊಳೆಯಲಿಲ್ಲ.

ಈ ದಾಳಿಗೆ ಪಾಸ್‌ವರ್ಡ್ ಬೇಡ, ವಿಶೇಷ ಕೌಶಲವೂ ಬೇಡ. ಮೈನ್‌ಕ್ರಾಫ್ಟ್ ಆಟದ ಜಾವಾ ಆವೃತ್ತಿಯಲ್ಲಿ ಚಾಟ್ ಪೆಟ್ಟಿಗೆಗೆ ಒಂದು ಸಾಲು ಹಾಕಿದರೆ ಆಟದ ಸರ್ವರ್ ಕೈವಶವಾಗುತ್ತಿತ್ತು. ಆ ಸಾಲು ಮೊದಲು ಮುಟ್ಟಿದ ಯಂತ್ರದಲ್ಲೇ ಕೆಲಸ ಮಾಡಬೇಕೆಂದೂ ಇರಲಿಲ್ಲ. ಫಾರಂನಲ್ಲಿ ತುಂಬಿದ ಹೆಸರು ಒಳಗಿನ ಇನ್ಯಾವುದೋ ಸರ್ವರ್‌ಗೆ ಹೋಗಿ, ಎಷ್ಟೋ ಹೊತ್ತಿನ ಮೇಲೆ ಅಲ್ಲಿ ಲಾಗ್ ಆದಾಗಲೂ ಸಿಡಿಯಬಹುದಿತ್ತು. ಅಂತರ್ಜಾಲಕ್ಕೆ ನೇರವಾಗಿ ತೆರೆದುಕೊಂಡ ಯಂತ್ರಗಳಿಗಷ್ಟೇ ಪ್ಯಾಚ್ ಹಾಕಿ ಕೂತರೆ ಸಾಲದು ಎಂಬ ಮಾತಿಗೆ ಇದೇ ಕಾರಣ.

ಅಲಿಬಾಬಾ ಕ್ಲೌಡ್‌ನ ಭದ್ರತಾ ತಂಡದ ಚೆನ್ ಝಾವೊಜುನ್ 2021ರ ನವೆಂಬರ್ 24ರಂದು ಅಪಾಚೆಗೆ ಗುಟ್ಟಾಗಿ ವಿಷಯ ತಿಳಿಸಿದರು. ಓಪನ್ ಸೋರ್ಸ್‌ನಲ್ಲಿ ಗುಟ್ಟು ಹೆಚ್ಚು ದಿನ ನಿಲ್ಲುವುದಿಲ್ಲ. ದುರಸ್ತಿಯ ಕೋಡೇ ಬಹಿರಂಗವಾಗಿರುವುದರಿಂದ, ಏನನ್ನು ಸರಿಪಡಿಸುತ್ತಿದ್ದಾರೆ ಎಂಬುದು ಓದಬಲ್ಲವರ ಕಣ್ಣಿಗೆ ಬೀಳುತ್ತದೆ. ಡಿಸೆಂಬರ್ 9ರಂದು ದಾಳಿಯ ವಿಧಾನ ಜಗಜ್ಜಾಹೀರಾಯಿತು, ದುರಸ್ತಿಯ 2.15.0 ಆವೃತ್ತಿ ಅದರ ಬೆನ್ನಲ್ಲೇ ಹೊರಬಂತು. ಕ್ಲೌಡ್‌ಫ್ಲೇರ್ ಕಂಪನಿ ಆಮೇಲೆ ತನ್ನ ದಾಖಲೆ ತಡಕಿದಾಗ ಡಿಸೆಂಬರ್ 1ರಷ್ಟು ಹಿಂದೆಯೇ ಪ್ರಯತ್ನ ನಡೆದ ಗುರುತು ಸಿಕ್ಕಿತು.

ಅವಸರದ ತೇಪೆ ಪೂರ್ತಿ ಹಿಡಿಯಲಿಲ್ಲ. ಕೆಲವು ಬಗೆಯ ಸಂರಚನೆಗಳಲ್ಲಿ 2.15.0ಕ್ಕೂ ಕನ್ನ ಕೊರೆಯಬಹುದೆಂದು ಗೊತ್ತಾಯಿತು. ಮೊದಲು ಸಣ್ಣದೆಂದು 3.7 ಅಂಕ ಪಡೆದ ಆ ಎರಡನೇ ದೋಷ ಕೆಲವೇ ದಿನಗಳಲ್ಲಿ 9.0ಕ್ಕೆ ಏರಿತು. ಡಿಸೆಂಬರ್ 13ರ 2.16.0 ಸಂದೇಶದೊಳಗಿನ ಲುಕಪ್ಪನ್ನೇ ಕಿತ್ತುಹಾಕಿತು, ಜೆಎನ್‌ಡಿಐಯನ್ನು ಡಿಫಾಲ್ಟ್ ಆಗಿ ಮುಚ್ಚಿತು. ಮೊದಲ ದಿನವೇ ಮಾಡಬೇಕಿದ್ದ ಕೆಲಸವದು. ಆಮೇಲೆ ಸರ್ವರನ್ನು ಕುಸಿಯುವಂತೆ ಮಾಡುವ ಮತ್ತೊಂದು ದೋಷಕ್ಕಾಗಿ 2.17.0, ತಿಂಗಳ ಕೊನೆಗೆ 2.17.1. ಒಂದೇ ತಿಂಗಳಲ್ಲಿ ನಾಲ್ಕು ಬಾರಿ ಪ್ಯಾಚ್ ಹಾಕಿದ ತಂಡಗಳು ಬೈದುಕೊಂಡದ್ದು ಸಹಜವೇ. ಆದರೂ ಪರಿಪೂರ್ಣ ದುರಸ್ತಿಗೆ ಕಾಯುತ್ತ ಮೊದಲನೆಯದನ್ನು ಬಿಟ್ಟಿದ್ದರೆ ನಷ್ಟ ಹೆಚ್ಚುತ್ತಿತ್ತು, ಏಕೆಂದರೆ ಸಾಮಾನ್ಯ ದಾಳಿಯನ್ನು ಅದು ತಡೆಯುತ್ತಿತ್ತು. ಫೈರ್‌ವಾಲ್‌ನಲ್ಲಿ ಆ ಸಾಲನ್ನು ಸೋಸುವ ಉಪಾಯವಂತೂ ಬೇಗ ಸೋತಿತು. ಜೆಎನ್‌ಡಿಐ ಎಂಬ ಪದದ ಒಂದೊಂದು ಅಕ್ಷರವನ್ನೂ ಬೇರೆ ಲುಕಪ್‌ಗಳ ಒಳಗೆ ಬಚ್ಚಿಟ್ಟು ಕಳಿಸಿದರೆ ಸೋಸುವ ನಿಯಮಕ್ಕೆ ಗುರುತೇ ಸಿಗುತ್ತಿರಲಿಲ್ಲ.

ನಿಜವಾದ ಕಷ್ಟವಿದ್ದದ್ದು ಹುಡುಕಾಟದಲ್ಲಿ. ಲಾಗ್‌ಫೋರ್‌ಜೆಯನ್ನು ನೇರವಾಗಿ ಬಳಸದ ತಂತ್ರಾಂಶ ಬಳಸುವ ಲೈಬ್ರರಿಯೊಂದು ಬಳಸುವ ಇನ್ನೊಂದು ಲೈಬ್ರರಿಯಲ್ಲಿ ಅದು ಅಡಗಿರುತ್ತಿತ್ತು. ಜಾವಾ ಲೈಬ್ರರಿಗಳ ಉಗ್ರಾಣವಾದ ಮೇವನ್ ಸೆಂಟ್ರಲ್ಲನ್ನು ಗೂಗಲ್‌ನ ತಂಡ ಜಾಲಾಡಿದಾಗ 35,000ಕ್ಕೂ ಹೆಚ್ಚು ಪ್ಯಾಕೇಜುಗಳು ಲಾಗ್‌ಫೋರ್‌ಜೆಯ ದೋಷಗಳ ಸುಳಿಗೆ ಸಿಕ್ಕಿರುವುದಾಗಿ ಲೆಕ್ಕ ಸಿಕ್ಕಿತು. ಹೆಚ್ಚಿನವುಗಳಲ್ಲಿ ಅದಿದ್ದದ್ದು ಒಂದಕ್ಕಿಂತ ಹೆಚ್ಚು ಪದರ ಕೆಳಗೆ. ಎಲ್ಲ ಲೈಬ್ರರಿಗಳನ್ನೂ ಒಂದೇ ಜಾರ್ ಫೈಲಿಗೆ, ಅಂದರೆ ಜಾವಾ ಕೋಡಿನ ಗಂಟಿಗೆ, ತುರುಕಿದ್ದ ಕಡೆ ಫೈಲಿನ ಹೆಸರು ನೋಡಿ ಏನೂ ಹೇಳುವಂತಿರಲಿಲ್ಲ. ಸಿಕ್ಕ ಮೇಲೆ ಕೆಲಸ ಸುಲಭ. ಆವೃತ್ತಿ ಬದಲಿಸಲಾಗದಿದ್ದರೆ ಜಾರ್ ಒಳಗಿನ ಜೆಎನ್‌ಡಿಐ ಲುಕಪ್ ಕ್ಲಾಸನ್ನು ಅಳಿಸಿದರೂ ಆಗುತ್ತಿತ್ತು. ಯಾವುದರಲ್ಲಿದೆಯೆಂದು ತಕ್ಷಣ ತಿಳಿಯದೆ ಕೆನಡಾದ ಕ್ವಿಬೆಕ್ ಸರ್ಕಾರ ತನ್ನ ಸುಮಾರು 4,000 ಜಾಲತಾಣಗಳನ್ನೂ ಸೇವೆಗಳನ್ನೂ ಮುನ್ನೆಚ್ಚರಿಕೆಯಿಂದ ಮುಚ್ಚಿತು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಕೂಡ ಕೇಂದ್ರ ಸರ್ಕಾರದ ಕಚೇರಿಗಳಿಗೆ ದೋಷ ನಿವಾರಿಸಲು ಡಿಸೆಂಬರ್ 23ರ ಗಡುವು ಕೊಟ್ಟಿತು.

ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ 2022ರ ಜುಲೈನಲ್ಲಿ ಕೊಟ್ಟ ಮೊದಲ ವರದಿ ಇದೇ ದೋಷದ ಕುರಿತದ್ದು. ದುರ್ಬಲ ಪ್ರತಿಗಳು ಒಂದು ದಶಕವೋ ಅದಕ್ಕೂ ಹೆಚ್ಚು ಕಾಲವೋ ವ್ಯವಸ್ಥೆಗಳಲ್ಲಿ ಉಳಿಯಬಹುದೆಂದು ಅದು ಅಂದಾಜಿಸಿತು. ತಯಾರಕರು ಕೈಬಿಟ್ಟ ಉಪಕರಣಗಳಿಗೆ ಪ್ಯಾಚ್ ಬರುವುದಿಲ್ಲ; ಹಳೆಯ ಬ್ಯಾಕಪ್‌ನಿಂದ ಸರ್ವರ್ ಮರಳಿ ಕಟ್ಟಿದರೆ ಹಳೆಯ ಜಾರ್ ಕೂಡ ಮರಳಿ ಬರುತ್ತದೆ.