ಅನುಭಾವದ ಒಲವು

ಗಜೇಶ ಮಸಣಯ್ಯನ ವಚನಗಳಲ್ಲಿ ಮೊದಲು ಮನ ಸೆಳೆಯುವುದು ಅವುಗಳ ದನಿ. ಕಲಬುರಗಿಯ ನೆರೆಯ ಅಕ್ಕಲಕೋಟೆ ಸೀಮೆಯ ಕರಜಗಿಯ ಈ 12ನೆಯ ಶತಮಾನದ ಶರಣ ಸಂಸಾರಿ, ಹೆಂಡತಿಯೂ ವಚನಕಾರ್ತಿ. ಆದರೆ ಅವನ ವಚನದೊಳಗೆ ಮಾತಾಡುವವಳು ಹೆಣ್ಣು. ನಲ್ಲನಿಗಾಗಿ ಹಂಬಲಿಸುತ್ತಾಳೆ, ಕೂಡಿದ ಸುಖ ನೆನೆದು ಮೈಮರೆಯುತ್ತಾಳೆ. ಇದನ್ನೆಲ್ಲ ‘ಅವ್ವಾ’ ಎಂದು ಕರೆದು ಕೆಳದಿಗೆ ಹೇಳಿಕೊಳ್ಳುತ್ತಾಳೆ. ಕುಸುರಿ ಇರುವುದೇ ಇಲ್ಲಿ. ದೇವರಿಗೇ ಹೇಳಿದ್ದರೆ ಪ್ರಾರ್ಥನೆಯಾಗುತ್ತಿದ್ದ ಮಾತು ಗೆಳತಿಯ ಕಿವಿಗೆ ಬಿದ್ದು ಒಳಗುಟ್ಟಾಗುತ್ತದೆ. ಓದುವ ನಾವೇ ಆ ಗೆಳತಿ.

‘ಶರಣಸತಿ ಲಿಂಗಪತಿ’ ಭಾವದ ಈ ಸೊಗಸಿಗೆ ದೂರದ ನಂಟರಿದ್ದಾರೆ. 13ನೆಯ ಶತಮಾನದ ಕೊನೆಗೆ ಸ್ಪೇನಿನಲ್ಲಿ ಬೆಳಕಿಗೆ ಬಂದ ಯೆಹೂದಿ ಅನುಭಾವಗ್ರಂಥ ‘ಜೋಹರ್’ನಲ್ಲಿ ಶೆಖಿನಾ ಎಂಬ ದೈವೀ ಸ್ತ್ರೀರೂಪ ಇನಿಯನನ್ನು ಅಗಲಿ ಪರದೇಶಿಯಾಗಿದ್ದಾಳೆ. ವಾರದ ವಿಶ್ರಾಂತಿದಿನವಾದ ಸಬ್ಬತ್ತು ತೊಡಗುವ ಶುಕ್ರವಾರ ರಾತ್ರಿ ಗಂಡಹೆಂಡಿರು ಪ್ರೀತಿಯಿಂದ ಕೂಡಿದರೆ ಮೇಲೆ ಆ ಜೋಡಿಯೂ ಒಂದಾಗುತ್ತದೆಂಬುದು ಆ ಪರಂಪರೆಯ ನಂಬಿಕೆ. ಅಲ್ಲಿ ದೇವರೊಳಗೇ ಗಂಡುಹೆಣ್ಣಿನ ವಿರಹ. ಇಲ್ಲಿ ಗಂಡಸಾದ ಭಕ್ತನೇ ವಿರಹಿಣಿ. ಎರಡೂ ಕಡೆ ಮೈಯ ಬಯಕೆಗೆ ಮರ್ಯಾದೆಯಿದೆ.

ಕಾಮದ ಕಸುವೇ ದಿಕ್ಕು ಬದಲಿಸಿ ಕಲೆ, ಸಂಸ್ಕೃತಿಗಳಾಗುತ್ತದೆ ಎಂದ ಮನೋವಿಶ್ಲೇಷಕ ಫ್ರಾಯ್ಡ್. ಅನುಭಾವಿಗಳ ನೋಟ ಇದಕ್ಕೆ ತಿರುಗುಮುರುಗು: ಬಯಕೆಯ ಬೇರೇ ಮೇಲಿದೆ, ಮೈಯಲ್ಲಿ ಅದರ ಕೊಂಬೆ ಚಾಚಿದೆ. ಕ್ರೈಸ್ತ ಪಾದ್ರಿಯ ಮಗನಾದ ಮನಶ್ಶಾಸ್ತ್ರಜ್ಞ ಯುಂಗ್ 1944ರ ಹೃದಯಾಘಾತದಲ್ಲಿ ಸಾವಿನಂಚಿಗೆ ಹೋದಾಗ ಕಂಡ ದರ್ಶನಗಳಲ್ಲೊಂದು, ದಾಳಿಂಬೆ ತೋಟದಲ್ಲಿ ನಡೆಯುತ್ತಿದ್ದ ಯೆಹೂದಿ ಅನುಭಾವಿಗಳು ಹೇಳುವ ಆ ದೈವವಿವಾಹವೇ. ಅದರ ಆನಂದವನ್ನು ಆತ ಮರೆಯಲಿಲ್ಲ.

ನಮ್ಮಲ್ಲಿ ಮಸಣಯ್ಯನನ್ನು ಓದುವಾಗ ‘ಇದು ಬರೀ ಸಂಕೇತ’ ಎಂದು ಮುಜುಗರದಿಂದ ಜಾರಿಕೊಳ್ಳುವವರುಂಟು. ಕಮಲಾಪುರದ ಕೆಂಪು ಬಾಳೆಯ ಸವಿ ಬೇಕು, ನಾಲಗೆ ಮಾತ್ರ ಬೇಡ ಎಂದಂತಾಯಿತು ಅದು. ಅಪ್ಪುಗೆಯ ಬಿಸಿ ತಿಳಿಯದವನಿಗೆ ಆ ವಚನದ ಐಕ್ಯವೂ ತಿಳಿಯದು. ಅಪ್ಪುಗೆಯಲ್ಲೇ ನಿಂತವನಿಗೆ ಲಿಂಗ ಕಾಣದು. ಎರಡನ್ನೂ ಒಂದೇ ಉಸಿರಲ್ಲಿ ಹಿಡಿಯುವುದೇ ಅವನ ಹೆಚ್ಚುಗಾರಿಕೆ.

ಬಸವಣ್ಣ, ಅಕ್ಕ, ಅಲ್ಲಮರನ್ನು ಬಲ್ಲ ನಾವು ಈ ನೆರೆಯೂರಿನ ಕವಿಯನ್ನು ಬದಿಗಿಟ್ಟಿದ್ದೇವೆ. ಸಮಗ್ರ ವಚನ ಸಂಪುಟಗಳಲ್ಲಿ ಅವನ ವಚನಗಳು ಸಿಗುತ್ತವೆ. ತೆರೆದು, ನಾಚದೆ, ದನಿಯೆತ್ತಿ ಓದಿ.