ಐದು ಜನರ ಹಾಡು, ಒಬ್ಬರ ಹೆಸರು

ಕೊಚ್ಚಿ ಮೆಟ್ರೋದಲ್ಲಿ 'ತೈಕ್ಕೂಡಂ' ಎಂದು ಕೂಗಿದಾಗಲೆಲ್ಲ ನನಗೆ ಜಾಗಕ್ಕಿಂತ ಮೊದಲು ಬ್ಯಾಂಡ್ ನೆನಪಾಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ತೈಕ್ಕೂಡಂ ಬ್ರಿಡ್ಜ್ ಪರಿಚಯವಾದದ್ದು 2022ರಲ್ಲಿ, 'ಕಾಂತಾರ'ದ 'ವರಾಹ ರೂಪಂ' ತಮ್ಮ 'ನವರಸಂ' ಹಾಡನ್ನು ಹೋಲುತ್ತದೆಂದು ಅವರು ಕೋರ್ಟಿಗೆ ಹೋದಾಗ. ಯಾರು ಸರಿ ಎಂದು ನಾವೆಲ್ಲ ಜಗಳವಾಡಿದೆವು. ಆದರೆ ಪಕ್ಕದ ರಾಜ್ಯದ ಬ್ಯಾಂಡಿನ ಹಾಡು ನಮ್ಮ ಕಿವಿಗೆ ಬೀಳಲು ಸಿನಿಮಾವೇ ಬೇಕಾಯಿತು ಎಂಬುದನ್ನು ಗಮನಿಸಲಿಲ್ಲ.

ಕೇರಳದಲ್ಲಿ ಬ್ಯಾಂಡುಗಳಿಗೆ ತಮ್ಮದೇ ದಾರಿಯಿತ್ತು. ಕೊಚ್ಚಿಯ 13ಎಡಿ, ಮದರ್‌ಜೇನ್ ಇಂಗ್ಲಿಷಿನಲ್ಲಿ ಹಾಡಿದವು. ತಿರುವನಂತಪುರದ ಅವಿಯಲ್ 2008ರ ಆಲ್ಬಮ್ಮಿನಲ್ಲಿ ರಾಕ್ ಸಂಗೀತವನ್ನು ಮಲಯಾಳಕ್ಕೆ ಒಗ್ಗಿಸಿತು. ಕಪ್ಪ ಟಿವಿಯ 'ಮ್ಯೂಸಿಕ್ ಮೋಜೊ' ಇಂಥ ತಂಡಗಳನ್ನು ಮನೆಮನೆಗೆ ಮುಟ್ಟಿಸಿತು.

ಆಮೇಲೆ ಅವಿಯಲ್‌ನ ಗಿಟಾರಿಸ್ಟ್ ರೆಕ್ಸ್ ವಿಜಯನ್ 'ಮಾಯಾನದಿ'ಗೆ, ತೈಕ್ಕೂಡಂನ ಗೋವಿಂದ್ ವಸಂತ ತಮಿಳಿನ '96'ಕ್ಕೆ ಸಂಗೀತ ಕೊಟ್ಟರು. ಮೆಟಲ್ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಸುಷಿನ್ ಶ್ಯಾಮ್ 2024ರಲ್ಲಿ 'ಮಂಜುಮ್ಮೆಲ್ ಬಾಯ್ಸ್', 'ಆವೇಶಂ' ಕೊಟ್ಟರು. ಹಾಡುಗಳು ಚೆನ್ನಾಗಿವೆ, ನಾನೂ ಕೇಳುತ್ತೇನೆ. ಪ್ರತಿಭೆ ಸತ್ತಿಲ್ಲ, ಕೆಲಸ ಬದಲಾಯಿಸಿದೆ.

ಇದರಲ್ಲಿ ಲೆಕ್ಕಾಚಾರವೂ ಇದೆ. ಬ್ಯಾಂಡೆಂದರೆ ಐದಾರು ಜನರ ಬಾಡಿಗೆ, ಪ್ರಯಾಣ, ರಿಹರ್ಸಲ್ ಕೋಣೆ. ಸಂಭಾವನೆಯಲ್ಲೂ ಐದಾರು ಪಾಲು. ಲ್ಯಾಪ್‌ಟಾಪ್ ಹಿಡಿದ ಒಬ್ಬರಿಗೆ ಆ ತಾಪತ್ರಯವಿಲ್ಲ. ಆಯೋಜಕರಿಗೂ ಪೋಸ್ಟರಿನಲ್ಲಿ ಒಂದೇ ಮುಖ ಸಾಕು.

ಈ ಬದಲಾವಣೆಯನ್ನು ಬರೀ ನಷ್ಟ ಎನ್ನಲಾರೆ. ವೇಡನ್‌ನ ರ್‍ಯಾಪ್ ಜಾತಿಯ ಬಗ್ಗೆ ಎತ್ತುವ ಪ್ರಶ್ನೆಯನ್ನು ಈ ಬ್ಯಾಂಡುಗಳು ಅಷ್ಟು ನೇರವಾಗಿ ಎತ್ತಿರಲಿಲ್ಲ. ಮೈಕ್ ಒಂದೇ ಸಾಕೆಂದಾಗ ಗಿಟಾರ್ ಕೊಳ್ಳಲಾಗದವರಿಗೂ ಬಾಗಿಲು ತೆರೆಯುತ್ತದೆ.

ಆದರೂ ಒಂದು ಕೊರತೆ ಉಳಿಯುತ್ತದೆ. ಒಳ್ಳೆಯ ಅವಿಯಲ್‌ನಲ್ಲಿ ನುಗ್ಗೆ ನುಗ್ಗೆಯಾಗಿಯೇ, ಬಾಳೆಕಾಯಿ ಬಾಳೆಕಾಯಿಯಾಗಿಯೇ ಇರಬೇಕು. ಬ್ಯಾಂಡಿನ ಹಾಡಿನಲ್ಲೂ ಡ್ರಮ್ಮು ಹಾಡುಗಾರನ ಜೊತೆ ವಾದಕ್ಕಿಳಿಯುತ್ತದೆ, ಗಿಟಾರ್ ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಸಿನಿಮಾದಲ್ಲಿ ಎಲ್ಲ ವಾದ್ಯಗಳೂ ಒಂದು ದೃಶ್ಯದ ಮಾತು ಕೇಳಬೇಕು.

ಸ್ವರಾತ್ಮದಂಥ ತಂಡಗಳನ್ನು ಕಟ್ಟಿದ ಬೆಂಗಳೂರಿಗೂ ಈ ಮಾತು ಹೊರತಲ್ಲ. ಊರು ಬಿಟ್ಟು ಬಂದ ನಮಗೆ ಶನಿವಾರ ಸಂಜೆ ನಾಲ್ಕು ಜನ ಒಂದೆಡೆ ಸೇರುವುದು ಎಷ್ಟು ಕಷ್ಟ ಎಂದು ಗೊತ್ತು. ಬ್ಯಾಂಡ್ ಕಟ್ಟುವವರು ಅದನ್ನೇ ವರ್ಷಗಟ್ಟಲೆ ಮಾಡುತ್ತಾರೆ. ಅವರ ಟಿಕೆಟ್ಟನ್ನು ನಾವು ಕೊಳ್ಳದಿದ್ದರೆ ಅವರಲ್ಲೊಬ್ಬರು ಸಿನಿಮಾಕ್ಕೆ ಹೋಗುತ್ತಾರೆ, ಉಳಿದವರು ಆಫೀಸಿಗೆ.