ಬೆಳ್ಳಿ ರೂಪಾಯಿಯನ್ನು ತೂಗಬೇಡಿ, ಓದಿ

ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ರಾಣಿ ರೂಪಾಯಿ ಹಿಡಿದು ಬರುವವರೆಲ್ಲ ಮೊದಲು ಕೇಳುವುದು, "ಎಷ್ಟು ಗ್ರಾಂ ಬೆಳ್ಳಿ ಬರುತ್ತೆ ಸಾರ್?" ಹೇಳಿಬಿಡುತ್ತೇನೆ. ವಿಕ್ಟೋರಿಯಾ ರಾಣಿಯದಾಗಲಿ, ಆಮೇಲಿನ ದೊರೆಗಳದಾಗಲಿ, ತೂಕ 11.66 ಗ್ರಾಂ. 1939ರವರೆಗಿನದಾದರೆ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. 1940ರಿಂದ ಅರ್ಧಕ್ಕರ್ಧ. 1947ರದ್ದು ಬರೀ ನಿಕಲ್. ಇಷ್ಟೇ ಬೇಕಿದ್ದವರು ಅಕ್ಕಸಾಲಿಗರ ಅಂಗಡಿಗೆ ಹೋಗಬಹುದು. ಇನ್ನು ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ ಸಿಗುತ್ತದೆಂದು ಮೊಬೈಲಿನಲ್ಲಿ ನೋಡಿ ಬರುವವರ ಬಗ್ಗೆ ಮಾತೇ ಬೇಡ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಉಳಿದವರಿಗೆ ನನ್ನ ಮೊದಲ ಮಾತು: ತೊಳೆಯಬೇಡಿ. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ನಮ್ಮ ಅರಸೀಕೆರೆ, ಬೇಲೂರು ಸೀಮೆಯ ಮನೆಗಳಲ್ಲಿ ಕಳಶದ ಮುಂದಿಡುವ ಬೆಳ್ಳಿ ರೂಪಾಯಿಗೆ ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಎಲ್ಲದರ ಅಭಿಷೇಕವಾಗುತ್ತದೆ. ಪೂಜೆಗೆ ಬೇರೆ ಬೆಳ್ಳಿ ಇಡಿ ತಾಯಂದಿರೇ! ನೂರು ವರ್ಷದಲ್ಲಿ ತಾನಾಗಿ ಕೂತ ಆ ನೀಲಿಗಪ್ಪು ಕೊಳೆಯಲ್ಲ, ನಾಣ್ಯದ ಚರ್ಮ. ಅಂಚು ಹಿಡಿದು ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿ. ಸವೆಯದ, ಉಜ್ಜದ ನಾಣ್ಯದಲ್ಲಿ ಬೆಳಕು ನಡುವಿನಿಂದ ಹೊರಟು ಸುತ್ತಲೂ ತಿರುಗುತ್ತದೆ. ಉಜ್ಜಿದ್ದರಲ್ಲಿ ಒಂದೇ ಕಡೆ ಸತ್ತು ಬೀಳುತ್ತದೆ, ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಅಂಥದ್ದಕ್ಕೆ ಸಂಗ್ರಾಹಕ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡಲು ಹಿಂಜರಿಯುತ್ತಾನೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದದ್ದರ ಗತಿಯೂ ಅದೇ.

ನನ್ನ ಕಣ್ಣು ತೆರೆಸಿದ್ದು ಒಂದು ಆನೆ. ಅರಸೀಕೆರೆಯ ಹಿರಿಯ ಸಂಗ್ರಾಹಕರೊಬ್ಬರು 1911ರ ಐದನೇ ಜಾರ್ಜ್ ರೂಪಾಯಿಯನ್ನೂ ಒಂದು ಭೂತಗನ್ನಡಿಯನ್ನೂ ಕೈಗಿಟ್ಟು ಸುಮ್ಮನೆ ಕೂತರು. ದೊರೆಯ ನಿಲುವಂಗಿಯ ಮೇಲೆ ಸರಪಳಿ, ಅದರಲ್ಲೊಂದು ಪುಟ್ಟ ಪ್ರಾಣಿ. ಗಿಡ್ಡ ಸೊಂಡಿಲು, ಮೋಟು ಕಾಲು. ಕೆತ್ತಿದ್ದು ಆನೆಯನ್ನೇ, ಜನರಿಗೆ ಕಂಡದ್ದು ಹಂದಿ! ಮುಸಲ್ಮಾನರು ಮುಟ್ಟಲು ಒಪ್ಪಲಿಲ್ಲ. ಸರ್ಕಾರ ನಾಣ್ಯ ಹಿಂತೆಗೆದು ಕರಗಿಸಿತು, 1912ರಲ್ಲಿ ಸೊಂಡಿಲನ್ನು ಸರಿಯಾಗಿ ಬಿಡಿಸಿತು. ಎರಡಕ್ಕೂ ಬೆಳ್ಳಿ ಒಂದೇ, ತೂಕ ಒಂದೇ. ಸಂಗ್ರಾಹಕರು ಮಾತ್ರ 1911ರದ್ದಕ್ಕೆ ಹೆಚ್ಚು ಕೊಡುತ್ತಾರೆ. ಅಂದಿನಿಂದ ನಾನು ನಾಣ್ಯವನ್ನು ತಕ್ಕಡಿಗೆ ಹಾಕುವುದನ್ನೇ ಬಿಟ್ಟೆ.

ಎಷ್ಟು ಅಚ್ಚಾಯಿತು ಎನ್ನುವುದಕ್ಕಿಂತ ಎಷ್ಟು ಕರಗದೆ ಉಳಿಯಿತು ಎಂದು ಕೇಳಬೇಕು. 1918ರ ರೂಪಾಯಿಯನ್ನೇ ನೋಡಿ. ಮೊದಲ ಮಹಾಯುದ್ಧದ ಕಾಲ. ನೋಟು ಕೊಟ್ಟು ಬೆಳ್ಳಿ ಕೇಳುವವರು ಹೆಚ್ಚಾಗಿ ಭಾರತದ ಖಜಾನೆ ಬರಿದಾಗುತ್ತ ಬಂದಿತ್ತು. ಆಗ ಅಮೆರಿಕ ಪಿಟ್‌ಮನ್ ಕಾಯ್ದೆ ತಂದು ತನ್ನ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲು ಬ್ರಿಟಿಷರ ಮೂಲಕ ಇಲ್ಲಿಗೆ ಬಂದು ರೂಪಾಯಿಯಾಯಿತು. ನಿಮ್ಮ ಮನೆಯ 1919ರ ರೂಪಾಯಿಯಲ್ಲಿ ಅಮೆರಿಕದ ಮಾರ್ಗನ್ ಡಾಲರ್ ಅಡಗಿರಬಹುದು! ಅಲ್ಲಿ ಅಷ್ಟು ಕರಗಿದ ಮೇಲೆ ಉಳಿದ ಹಳೆಯ ಡಾಲರ್‌ಗಳಲ್ಲಿ ಕೆಲವಕ್ಕೆ ಅಮೆರಿಕದವರು ಮುಗಿಬೀಳುತ್ತಾರೆ. ಇಲ್ಲಿ 1918, 1919ರವು ರಾಶಿ ರಾಶಿ ಸಿಗುತ್ತವೆ. ಆದ್ದರಿಂದ ಬೆಲೆ ಬೆಳ್ಳಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. 1939ರದ್ದು ಮಾತ್ರ ಬಲು ಅಪರೂಪ. ನಕಲಿಯೂ ಅದರಲ್ಲೇ ಜಾಸ್ತಿ, ಎಚ್ಚರ.

ಟಂಕಸಾಲೆಯ ಗುರುತನ್ನೂ ನೋಡಿ. ಐದನೇ ಜಾರ್ಜ್ ರೂಪಾಯಿಯಲ್ಲಿ ಇಸವಿಯ ಕೆಳಗಿನ ಹೂವಿನಡಿ ಚುಕ್ಕಿ ಇದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತಾ. ವಿಕ್ಟೋರಿಯಾ ನಾಣ್ಯದ 1862 ಎಂಬ ಇಸವಿಯನ್ನಂತೂ ಪೂರ್ತಿ ನಂಬಬೇಡಿ, 1874ರವರೆಗೂ ಅದೇ ಇಸವಿ ಒತ್ತಿದ್ದಾರೆ.

ಬೇಲೂರು, ಹಳೇಬೀಡಿನವರು ನಾಣ್ಯ ಓದಲು ಪರದೇಶದ ದೊರೆಯಿಂದಲೇ ಕಲಿಯಬೇಕಿಲ್ಲ. ತಲಕಾಡು ಗೆದ್ದ ಹೊಯ್ಸಳ ದೊರೆ ವಿಷ್ಣುವರ್ಧನ ತಲಕಾಡುಗೊಂಡ ಎಂಬ ಬಿರುದನ್ನು ಕನ್ನಡದಲ್ಲೇ ಚಿನ್ನದ ಮೇಲೆ ಅಚ್ಚು ಹಾಕಿಸಿದ. ಸಿಂಹದ ಚಿತ್ರವಿರುವ ಗದ್ಯಾಣ ಎಂಬ ಆ ಚಿನ್ನದ ನಾಣ್ಯ ನಾಲ್ಕು ಗ್ರಾಂ ಆಜುಬಾಜು. ಅದನ್ನೂ ಗ್ರಾಂ ಲೆಕ್ಕದಲ್ಲಿ ಮಾರಿ ಕರಗಿಸಿದರೆ ಒಂದು ಶಾಸನವನ್ನೇ ಸುಟ್ಟಂತೆ. ಹಳೇಬೀಡಿನ ಸುತ್ತ ಹೊಲ ಉಳುವಾಗ ಅಂಥದ್ದು ಸಿಕ್ಕರೆ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಿ. ಮಣ್ಣು ಮೆತ್ತಿದ್ದರೆ ಮೆತ್ತಿದ ಹಾಗೆಯೇ ಕೊಡಿ.